ಮಾವೋರಿ ಮತ್ಸ್ಯನಾಮಗಳೂ ಸಸ್ಯನಾಮಗಳೂ

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನರು ಅಲ್ಲಿನ ಮೀನುಗಳಿಗೂ ಗಿಡಮರಗಳಿಗೂ ಇಟ್ಟ ಹೆಸರುಗಳ ಸಮುದಾಯ. ಸುಮಾರು 13ನೆಯ ಶತಮಾನದಲ್ಲಿ ಪೂರ್ವ ಪಾಲಿನೇಷ್ಯದಿಂದ ಹಾಯಿದೋಣಿಗಳಲ್ಲಿ ಬಂದಿಳಿದ ಇವರ ಪೂರ್ವಜರು, ತಾವು ಹಿಂದೆಂದೂ ಕಾಣದ ಸಮಶೀತೋಷ್ಣ ಅರಣ್ಯದ ನಡುವೆ, ಉಷ್ಣವಲಯದಿಂದ ತಂದ ಶಬ್ದಸಂಪತ್ತನ್ನೇ ಹೊಸ ಜೀವಿಗಳಿಗೆ ಅನ್ವಯಿಸಿಕೊಂಡುದರಿಂದ, ಈ ನಾಮಾವಳಿಯು ಜೀವವಿಜ್ಞಾನಕ್ಕೆಂತೋ ಅಂತೆಯೇ ವಲಸೆಯ ಇತಿಹಾಸಕ್ಕೂ ಆಧಾರವಾಗಿದೆ.

ಸಸ್ಯನಾಮಗಳು

ಉತ್ತರದ ಪಾಲಿನೇಷ್ಯ ದ್ವೀಪಗಳಲ್ಲಿ ತೆಂಗಿನ ಗರಿಯನ್ನು ಸೂಚಿಸುವ 'ನೀಕೌ' ಶಬ್ದವು, ತೆಂಗು ಬೆಳೆಯದ ಈ ನಾಡಿನಲ್ಲಿ ಇಲ್ಲಿಯದೇ ಆದ ತಾಳೆಜಾತಿಯ ಮರವೊಂದರ ಹೆಸರಾಯಿತು. ಕಡಲಪಾಚಿಯ ಹೆಸರಾದ 'ರಿಮು', ಜೋಲುವ ರೆಂಬೆಗಳ ಸಾದೃಶ್ಯದಿಂದಿರಬೇಕು, ಎತ್ತರದ ಶಂಕುಧಾರಿ ವೃಕ್ಷವೊಂದಕ್ಕೂ ಸಂದಿತು. ಪಾನೀಯಕ್ಕೆ ಪ್ರಸಿದ್ಧವಾದ ಕಾವಾ ಗಿಡದ ಹೆಸರು ಅದರ ಸಗೋತ್ರವಾದ 'ಕವಕವ'ದಲ್ಲಿ ಉಳಿದಿದೆ. ನಮ್ಮ ಕಾಳುಮೆಣಸು, ವೀಳ್ಯದೆಲೆಗಳ ಕುಲಕ್ಕೇ ಸೇರಿದ ಈ ಗಿಡದ ಎಲೆಗಳಲ್ಲಿ, ಹುಳು ತಿಂದು ತೂತುಬಿದ್ದವನ್ನೇ ಔಷಧಕ್ಕಾಗಿ ಆರಿಸಿ ಕೀಳುವುದು ವಾಡಿಕೆ.

ಮತ್ಸ್ಯನಾಮಗಳು

ಹಾವುಮೀನಿಗೆ ಪಾಲಿನೇಷ್ಯದಾದ್ಯಂತ ಪ್ರಚಲಿತವಾದ 'ಟುನಾ' ಎಂಬ ಹೆಸರೇ ಇಲ್ಲಿಯೂ ನಿಂತಿತು; ಆದರೆ ಮುಖ್ಯ ಆಹಾರವಾಗಿದ್ದ ಈ ಮೀನಿನ ಗಾತ್ರ, ಬಣ್ಣ, ಅವಸ್ಥೆಗಳನ್ನು ಬೇರ್ಪಡಿಸುವ ಉಪನಾಮಗಳು ಅನೇಕ. ಶರತ್ಕಾಲದ ಮಳೆಯ ಪ್ರವಾಹದೊಡನೆ ಸಮುದ್ರಕ್ಕಿಳಿಯುವ ಪ್ರೌಢ ಮೀನು 'ಟುನಾ ಹೆಕೆ' ಎನಿಸಿಕೊಳ್ಳುತ್ತದೆ; ಅದು ಉಷ್ಣವಲಯದ ಕಡಲಿನಲ್ಲಿ ಮೊಟ್ಟೆಯಿಟ್ಟು ಸಾಯುವುದೆಂದು ತಜ್ಞರ ಊಹೆ.

ಮತ್ಸ್ಯನಾಮಗಳಲ್ಲಿ 'ಇನಂಗ' ವಿಶೇಷ ಪರಿಶೀಲನೆಗೆ ಅರ್ಹವಾದುದು. ಸಾಮಾನ್ಯವಾಗಿ ಗೇಣಿಗಿಂತ ಚಿಕ್ಕದಾದ ಈ ಮೀನು, ಹೆಚ್ಚಾಗಿ ಶರತ್ಕಾಲದ ದೊಡ್ಡ ಭರತದ ಸಮಯದಲ್ಲಿ, ನದೀಮುಖದ ದಡದ ಮೇಲಿನ ಹುಲ್ಲು ನೀರಿನಲ್ಲಿ ಮುಳುಗಿದಾಗ, ಅದರ ಬುಡದಲ್ಲಿ ಮೊಟ್ಟೆಗಳನ್ನಿಡುತ್ತದೆ. ನೀರಿಳಿದ ಮೇಲೆ ಅವು ಹುಲ್ಲಿನ ತೇವದಲ್ಲಿಯೇ ಬೆಳೆದು, ಮುಂದಿನ ದೊಡ್ಡ ಭರತ ಬಂದು ತೋಯಿಸಿದಾಗ ಒಡೆಯುತ್ತವೆ. ಮರಿಗಳು ಕಡಲಿಗೆ ಕೊಚ್ಚಿಹೋಗಿ, ಸುಮಾರು ಆರು ತಿಂಗಳ ಬಳಿಕ ವಸಂತದಲ್ಲಿ ಪಾರದರ್ಶಕವಾದ ಕಿರುಮೀನುಗಳ ಹಿಂಡಾಗಿ ನದಿಗೆ ಮರಳುತ್ತವೆ. ಹಸಿರುಶಿಲೆಯಾದ ಪೊನಾಮುವಿನಲ್ಲಿ ಮುತ್ತಿನಂತೆ ಬಿಳಿಚಿದ ಪ್ರಭೇದಕ್ಕೂ ಈ ಮೀನಿನ ಹೆಸರೇ ಇದೆ. ದಕ್ಷಿಣದ ನ್ಗೈ ತಹು ಜನರ ಉಪಭಾಷೆಯಲ್ಲಿ 'ಇನಂಗ'ವು 'ಇನಕ'ವಾಗುತ್ತದೆ. ಉತ್ತರದ ಕೆಲವೆಡೆ 'ಪಿಹರೌ' ಎನಿಸುವ, ಹಾವುಮೀನಿನಾಕಾರದ ಲ್ಯಾಂಪ್ರಿಯು ದಕ್ಷಿಣದಲ್ಲಿ 'ಕನಕನ'. ಒಂದೇ ರೂಪವನ್ನು ಶುದ್ಧವೆಂದು ಎತ್ತಿಹಿಡಿದು ಉಳಿದವನ್ನು ಅಪಭ್ರಂಶವೆನ್ನುವುದು ಅನುಚಿತ.

'ಉಪೊಕೊರೊರೊ' ಎಂಬ ಸಿಹಿನೀರಿನ ಮೀನು 20ನೆಯ ಶತಮಾನದ ಪೂರ್ವಾರ್ಧದಲ್ಲಿ ನಾಶವಾಯಿತು. ಅದಕ್ಕೆ ಕಾನೂನಿನ ರಕ್ಷಣೆ ದೊರೆತುದು ನಾಶವಾದ ಬಳಿಕ, 1951ರಲ್ಲಿ.

ಸಂಗ್ರಹ ಮತ್ತು ಹಕ್ಕು

ಎಲ್ಸ್‌ಡನ್ ಬೆಸ್ಟ್ 1929ರಲ್ಲಿ ಮಾವೋರಿ ಮೀನುಗಾರಿಕೆಯನ್ನು ಕುರಿತು ಪ್ರಕಟಿಸಿದ ಗ್ರಂಥವೂ, 1990ರ ಸ್ಟ್ರಿಕ್‌ಲ್ಯಾಂಡ್ ಅವರ ಮತ್ಸ್ಯನಾಮ ನಿಘಂಟೂ ಉಪಯುಕ್ತ ಆಕರಗಳು. ಸ್ಥಳೀಯ ಸಸ್ಯಪ್ರಾಣಿಗಳ ಮೇಲಣ ಜ್ಞಾನದ ಹಕ್ಕನ್ನು ಕುರಿತು 1991ರಲ್ಲಿ, ಮಾವೋರಿಗಳ ಅಹವಾಲುಗಳನ್ನು ವಿಚಾರಿಸುವ ವೈತಾಂಗಿ ನ್ಯಾಯಮಂಡಳಿಯ ಮುಂದೆ ಸಲ್ಲಿಸಲಾದ 262ನೆಯ ಅಹವಾಲಿನ ವರದಿ 2011ರಲ್ಲಿ ಹೊರಬಂದಿತು. ಹೆಸರೊಂದನ್ನು ಸಂಗ್ರಹಿಸುವವರು ಅದನ್ನು ಆಡುವ ಬುಡಕಟ್ಟು, ನದಿ, ಋತುಗಳನ್ನೂ ಜೊತೆಗೇ ದಾಖಲಿಸಿದಲ್ಲದೆ ಆ ಸಂಗ್ರಹ ಪೂರ್ಣವೆನಿಸದು.