ಕಾರ್ತಿಕ್ ಸುಣಗಾರ್

ಕಾರ್ತಿಕ್ ಸುಣಗಾರ್ ಅವರು ಪ್ರಾಣಿವಿಷಗಳ ವಿಕಾಸ ಹಾಗೂ ಹಾವು ಕಡಿತದ ಚಿಕಿತ್ಸೆಯನ್ನು ಕುರಿತು ಸಂಶೋಧನೆ ನಡೆಸುತ್ತಿರುವ ಭಾರತೀಯ ವಿಜ್ಞಾನಿ. ಪೋರ್ಚುಗಲ್ಲಿನ ಪೋರ್ಟೊ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದ ಇವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರದಲ್ಲಿ ವಿಷಗಳ ಅಧ್ಯಯನದ ಪ್ರಯೋಗಾಲಯವನ್ನು ಸ್ಥಾಪಿಸಿದರು.

ಹಿನ್ನೆಲೆ

ಭಾರತದಲ್ಲಿ 2000ರಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನರು ಮೃತಪಟ್ಟರೆಂದು ಅಂದಾಜಿಸಲಾಗಿದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷವನ್ನು ಕುದುರೆಗಳಿಗೆ ಅಲ್ಪ ಪ್ರಮಾಣದಲ್ಲಿ ಚುಚ್ಚಿ, ಅವುಗಳ ರಕ್ತದಲ್ಲಿ ಮೂಡುವ ಪ್ರತಿಕಾಯಗಳಿಂದ ಇಲ್ಲಿನ ಪ್ರತಿವಿಷವನ್ನು ತಯಾರಿಸುತ್ತಾರೆ. ಕುದುರೆಯ ಪ್ರೋಟೀನುಗಳು ಕೆಲವು ರೋಗಿಗಳಲ್ಲಿ ತೀವ್ರ ಅಲರ್ಜಿಯನ್ನು ಉಂಟುಮಾಡುತ್ತವೆ. ಈ ನಾಲ್ಕನ್ನು ಬಿಟ್ಟು ಉಳಿದ ಹಲವು ವಿಷಕಾರಿ ಹಾವುಗಳ ವಿಷವನ್ನು ಇದೇ ಔಷಧವು ಸಮರ್ಪಕವಾಗಿ ತಡೆಯುವುದಿಲ್ಲವೆಂದು ಸುಣಗಾರ್ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದರು.

ಕೃತಕ ಪ್ರತಿಕಾಯ

ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯೊಡನೆ ಅಭಿವೃದ್ಧಿಪಡಿಸಿದ '95ಮ್ಯಾಟ್5' ಎಂಬ ಮಾನವ ಪ್ರತಿಕಾಯದ ವಿವರಗಳು 2024ರ ಫೆಬ್ರವರಿಯಲ್ಲಿ 'ಸೈನ್ಸ್ ಟ್ರಾನ್ಸ್‌ಲೇಷನಲ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದವು. ಯೀಸ್ಟ್ ಕೋಶಗಳ ಮೇಲ್ಮೈಯಲ್ಲಿ ಮೂಡಿಸಿದ ಅಪಾರ ಸಂಖ್ಯೆಯ ಪ್ರತಿಕಾಯಗಳಿಂದ ಇದನ್ನು ಆರಿಸಲಾಯಿತು. ನಾಗರ ಮತ್ತು ಕಟ್ಟುಹಾವುಗಳ ಕುಟುಂಬದ ನರವಿಷಗಳು ಸ್ನಾಯುಗಳ ಗ್ರಾಹಕಗಳಿಗೆ ಅಂಟಿಕೊಂಡು ಪಾರ್ಶ್ವವಾಯುವನ್ನು ತರುತ್ತವೆ. ವಿಷವು ಗ್ರಾಹಕಕ್ಕೆ ಅಂಟುವ ಭಾಗವನ್ನೇ ಈ ಪ್ರತಿಕಾಯವು ಹಿಡಿದುಕೊಳ್ಳುತ್ತದೆ. ಪೂರ್ವ ಭಾರತದ ಒಂದು ಪ್ರಭೇದದ ನಾಗರಹಾವು, ತೈವಾನಿನ ಕಟ್ಟುಹಾವು ಮತ್ತು ಆಫ್ರಿಕಾದ ಕಪ್ಪು ಮಾಂಬಾಗಳ ವಿಷದಿಂದ ಇದು ಇಲಿಗಳನ್ನು ಬದುಕಿಸಿತು. ವಿಷ ಸೇರಿ 20 ನಿಮಿಷಗಳಾದ ಮೇಲೂ ಇದು ಫಲ ನೀಡಿತು.

ಮಿತಿಗಳು

95ಮ್ಯಾಟ್5 ಒಂದೇ ವರ್ಗದ ನರವಿಷವನ್ನು ತಡೆಯುತ್ತದೆ. ರಕ್ತದ ಹೆಪ್ಪುಗಟ್ಟುವಿಕೆಯನ್ನು ಕೆಡಿಸುವ ಮಂಡಲದ ಹಾವುಗಳ ವಿಷಕ್ಕೆ ಬೇರೆ ಪ್ರತಿಕಾಯಗಳು ಬೇಕು. ಸಾರ್ವತ್ರಿಕ ಪ್ರತಿವಿಷಕ್ಕೆ ಇಂತಹ ಹಲವು ಪ್ರತಿಕಾಯಗಳ ಮಿಶ್ರಣವು ಅಗತ್ಯವಾಗಿದೆ.