ಹಾಡು ಒಳಗೆ, ಹಾಡಿದವಳು ಹೊರಗೆ

ಕಪ್ಪುವರ್ಣೀಯಳೆಂದು ವಾಷಿಂಗ್ಟನ್ನಿನ ಸಭಾಂಗಣವೊಂದು ಬಾಗಿಲು ಮುಚ್ಚಿದಾಗ, ಮರಿಯನ್ ಆ್ಯಂಡರ್ಸನ್ 1939ರಲ್ಲಿ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಸುಮಾರು 75,000 ಜನರಿಗೆ ಹಾಡಿದರು. 1957ರಲ್ಲಿ ನಮ್ಮ ದಿಲ್ಲಿಗೂ ಬಂದು ಗಾಂಧಿ ಸ್ಮಾರಕದಲ್ಲಿ ಹಾಡಿದರು. ಅವರ ಕತೆ ಓದಿದಾಗಲೆಲ್ಲ ನನಗೆ ಗಂಗೂಬಾಯಿ ಹಾನಗಲ್ ನೆನಪಾಗುತ್ತಾರೆ.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದಾಗ ಅವರಿಗೆ 11 ವರ್ಷ. ಊಟವಾದ ಮೇಲೆ, ಕೆಳಜಾತಿಯವಳೆಂದು ಎಂಜಲೆಲೆ ತೆಗೆಯಲು ಹೇಳಿಬಿಟ್ಟಾರೆಂಬ ಅಂಜಿಕೆ ಆ ಹುಡುಗಿಗಿತ್ತು. ‘ಗಾನೇವಾಲಿ’ ಎಂದು ಜನ ಹಂಗಿಸಿದ ಆಕೆಗೇ 2002ರಲ್ಲಿ ಪದ್ಮವಿಭೂಷಣ ಬಂತು.

ಆದರೂ ಅವರದೊಂದು ತಕರಾರಿತ್ತು: ಹಾಡುವ ಗಂಡಸು ಉಸ್ತಾದನೋ ಪಂಡಿತನೋ ಆಗುತ್ತಾನೆ, ಹೆಂಗಸು ಮಾತ್ರ ‘ಬಾಯಿ’ಯಾಗಿಯೇ ಉಳಿಯುತ್ತಾಳೆ. ಇಲ್ಲಿನ ಕಛೇರಿಗಳ ಪೋಸ್ಟರಿನಲ್ಲಿ ಇಂದು ‘ವಿದುಷಿ’ ಎಂಬ ಪದ ಕಂಡರೆ, ಆ ತಕರಾರಿಗೆ ತಡವಾಗಿ ಬಂದ ಉತ್ತರದಂತೆ ನನಗೆ ಕಾಣುತ್ತದೆ.