ಚಿತ್ರಸಂತೆ

ಚಿತ್ರಸಂತೆಯು ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಪ್ರತಿವರ್ಷ ಏರ್ಪಡಿಸುವ ಒಂದು ದಿನದ ಬಯಲು ಕಲಾ ಪ್ರದರ್ಶನ ಮತ್ತು ಮಾರಾಟ. ಸಾಮಾನ್ಯವಾಗಿ ಜನವರಿ ತಿಂಗಳ ಮೊದಲ ಭಾನುವಾರ ನಡೆಯುವ ಇದರಲ್ಲಿ ನಾನಾ ರಾಜ್ಯಗಳ ಸುಮಾರು 1,500 ಕಲಾವಿದರು ಭಾಗವಹಿಸುತ್ತಾರೆ. ನೋಡಲು ಬರುವವರ ಸಂಖ್ಯೆ ಲಕ್ಷಗಳಲ್ಲಿರುತ್ತದೆ. ಇದರ 22ನೆಯ ಆವೃತ್ತಿಯು 2025ರ ಜನವರಿ 5ರಂದು ನಡೆಯಿತು.

ಹಿನ್ನೆಲೆ

ಕರ್ನಾಟಕ ಚಿತ್ರಕಲಾ ಪರಿಷತ್ತು 1960ರಲ್ಲಿ ಸ್ಥಾಪನೆಗೊಂಡಿತು. ಎಂ. ಆರ್ಯಮೂರ್ತಿ ಹಾಗೂ ಕಲಾವಿದ ಎಂ. ಎಸ್. ನಂಜುಂಡರಾವ್ ಅದನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರು. ಮೈಸೂರು ಸಾಂಪ್ರದಾಯಿಕ ಚಿತ್ರಗಳು, ತೊಗಲು ಗೊಂಬೆಗಳು ಮತ್ತು ಸ್ವೆಟೊಸ್ಲಾವ್ ರೋರಿಕ್ ಅವರ ಕೃತಿಗಳು ಪರಿಷತ್ತಿನ ಸಂಗ್ರಹದಲ್ಲಿವೆ. ಅದರ ಗ್ಯಾಲರಿಗಳಲ್ಲಿ ವರ್ಷವಿಡೀ ಏಕವ್ಯಕ್ತಿ ಹಾಗೂ ಸಮೂಹ ಪ್ರದರ್ಶನಗಳು ನಡೆಯುತ್ತಿರುತ್ತವೆ. ಆದರೆ ಗ್ಯಾಲರಿಯ ಬಾಗಿಲು ತೆರೆದಿದ್ದರೂ ಒಳಗೆ ಕಾಲಿಡಲು ಸಂಕೋಚಪಡುವವರೇ ಹೆಚ್ಚು. ಚಿತ್ರವನ್ನು ಬೀದಿಗೆ ತಂದು ಈ ಸಂಕೋಚವನ್ನು ನೀಗುವುದು ಚಿತ್ರಸಂತೆಯ ಮೂಲ ಆಶಯ. ವಾರದ ಸಂತೆಯಲ್ಲಿ ಬೆಳೆದವನೇ ಕುಳಿತು ಮಾರುವಂತೆ ಇಲ್ಲಿ ಬರೆದವನೇ ನಿಂತು ಮಾರುತ್ತಾನೆ. ಹೆಸರು ಆ ಮಟ್ಟಿಗೆ ಅನ್ವರ್ಥಕವಾಗಿದೆ.

ಸ್ವರೂಪ

ಆ ದಿನ ಶಿವಾನಂದ ವೃತ್ತದಿಂದ ವಿಂಡ್ಸರ್ ಮ್ಯಾನರ್ ವೃತ್ತದವರೆಗಿನ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿಲ್ಲಿಸಲಾಗುತ್ತದೆ. ರಸ್ತೆಯ ಎರಡೂ ಬದಿಯಲ್ಲಿ ಮಳಿಗೆಗಳು ಸಾಲುಗಟ್ಟುತ್ತವೆ. ಈಚಿನ ವರ್ಷಗಳಲ್ಲಿ ಅವು ಕ್ರೆಸೆಂಟ್ ರಸ್ತೆಗೂ ಸೇವಾದಳದ ಆವರಣಕ್ಕೂ ಹಬ್ಬಿವೆ. ಕಲಾವಿದರು ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು. ಬಂದ ಅರ್ಜಿಗಳು ಲಭ್ಯವಿರುವ ಮಳಿಗೆಗಳಿಗಿಂತ ಬಹಳ ಹೆಚ್ಚಿರುವುದರಿಂದ ಆಯ್ಕೆ ಅನಿವಾರ್ಯವಾಗುತ್ತದೆ. ಹಿರಿಯ ಹಾಗೂ ವಿಶೇಷಚೇತನ ಕಲಾವಿದರಿಗೆ ಪರಿಷತ್ತಿನ ಆವರಣದಲ್ಲಿ ಸ್ಥಳ ನೀಡುವ ಪದ್ಧತಿಯಿದೆ.

ತೈಲವರ್ಣ, ಜಲವರ್ಣ, ಆಕ್ರಿಲಿಕ್, ಮುದ್ರಣಕಲೆ, ಮಧುಬನಿ, ರಾಜಸ್ಥಾನಿ ಶೈಲಿ, ಎದುರಿಗೆ ಕೂರಿಸಿ ಬರೆಯುವ ಭಾವಚಿತ್ರ ಹೀಗೆ ಇಲ್ಲಿಯ ವೈವಿಧ್ಯ ದೊಡ್ಡದು. ಬೆಲೆಯೂ ನೂರು ರೂಪಾಯಿಯಿಂದ ಲಕ್ಷಗಳವರೆಗೆ ಇರುತ್ತದೆ. ಮೈಸೂರು ಮತ್ತು ತಂಜಾವೂರು ಶೈಲಿಗಳು ಅಕ್ಕಪಕ್ಕದಲ್ಲೇ ದೊರೆಯುವುದರಿಂದ ಎರಡರ ವ್ಯತ್ಯಾಸವನ್ನು ಕಣ್ಣಾರೆ ತಿಳಿಯಲು ಇದೊಂದು ಒಳ್ಳೆಯ ಅವಕಾಶ. ತಂಜಾವೂರು ಚಿತ್ರದಲ್ಲಿ ಉಬ್ಬು ದಪ್ಪವಾಗಿದ್ದು ಹರಳುಗಳನ್ನು ಕೂರಿಸಿರುತ್ತಾರೆ. ಮೈಸೂರು ಚಿತ್ರದಲ್ಲಿ ಉಬ್ಬು ತೀರ ನವಿರಾಗಿದ್ದು, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸಿ ಉಳಿದುದನ್ನು ರೇಖೆಯ ಸೂಕ್ಷ್ಮತೆಗೆ ಬಿಡಲಾಗುತ್ತದೆ. ಇಂತಹ ಒಂದು ಚಿತ್ರಕ್ಕೆ ವಾರಗಟ್ಟಲೆ ದುಡಿದವನಿಗೂ ಆ ದಿನ ಚೌಕಾಸಿ ತಪ್ಪಿದ್ದಲ್ಲ.

ಸಮರ್ಪಣೆ

ಪ್ರತಿ ಆವೃತ್ತಿಯನ್ನು ಒಂದು ವಿಷಯಕ್ಕೆ ಅಥವಾ ಜನವರ್ಗಕ್ಕೆ ಸಮರ್ಪಿಸುವ ರೂಢಿ ಬೆಳೆದಿದೆ. 2019ರದು ಮಹಾತ್ಮ ಗಾಂಧಿಯವರಿಗೆ, 2020ರದು ರೈತರಿಗೆ, 2024ರದು ಇಸ್ರೋ ವಿಜ್ಞಾನಿಗಳಿಗೆ, 2025ರದು ಹೆಣ್ಣುಮಕ್ಕಳಿಗೆ ಸಮರ್ಪಿತವಾಗಿತ್ತು. ಕೊರೊನಾ ಕಾರಣದಿಂದ 2021ರ ಸಂತೆ ಆನ್‌ಲೈನ್‌ನಲ್ಲಿ ನಡೆಯಿತು. ಮರುವರ್ಷ ಅದು ಜನವರಿಯಿಂದ ಮಾರ್ಚ್‌ಗೆ ಮುಂದೂಡಲ್ಪಟ್ಟಿತು.

ಮಹತ್ವ ಮತ್ತು ಮಿತಿಗಳು

ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳಲ್ಲಿ ಶಾಶ್ವತ ಗ್ಯಾಲರಿಗಳು ವಿರಳ. ಮೈಸೂರಿನಲ್ಲಿ ಜಗನ್ಮೋಹನ ಅರಮನೆಯ ಶ್ರೀ ಜಯಚಾಮರಾಜೇಂದ್ರ ಚಿತ್ರಶಾಲೆ, ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜುಗಳಿವೆ. ದಸರಾ ವೇಳೆ ಕಲಾ ಪ್ರದರ್ಶನವೂ ಇರುತ್ತದೆ. ಆದರೆ ನಂಜನಗೂಡು, ತಿ. ನರಸೀಪುರದಂತಹ ಊರುಗಳಲ್ಲಿ ಕುಂಚ ಹಿಡಿದವರು ಕೊಳ್ಳುವವರನ್ನು ಅರಸಿ ದೊಡ್ಡ ನಗರಕ್ಕೇ ಹೋಗಬೇಕು. ಅಂತಹವರಿಗೆ ಮಧ್ಯವರ್ತಿಯಿಲ್ಲದ ಒಂದು ದಿನದ ಮಾರುಕಟ್ಟೆ ಸಣ್ಣ ಸಂಗತಿಯಲ್ಲ. ಮಾರಾಟವಾಗದಿದ್ದರೂ ಮುಂದಿನ ಬೇಡಿಕೆಗಳು ಅಲ್ಲಿ ಕೈಸೇರಿದ ವಿಳಾಸಗಳಿಂದ ಬರುವುದುಂಟು.

ಮಿತಿಗಳೂ ಸ್ಪಷ್ಟವಾಗಿವೆ. ಜನಸಂದಣಿಯಲ್ಲಿ ಒಂದು ಚಿತ್ರದ ಮುಂದೆ ನಿಂತು ನೋಡುವ ಬಿಡುವು ದೊರೆಯುವುದು ಕಷ್ಟ. ಗೋಡೆಗೆ ಒಪ್ಪುವ ಅಲಂಕಾರಿಕ ಚಿತ್ರಗಳು ಬೇಗ ಖರ್ಚಾಗುತ್ತವೆ. ಪ್ರತಿಷ್ಠಾಪನಾ ಕಲೆಯಂತಹ ಪ್ರಯೋಗಗಳಿಗೆ ಮಳಿಗೆಯ ಅಳತೆಯೇ ಅಡ್ಡಿಯಾಗುತ್ತದೆ. ಬೆಳಿಗ್ಗೆ ತೂಗುಹಾಕಿದ ಚಿತ್ರಗಳಲ್ಲಿ ಉಳಿದವನ್ನು ರಾತ್ರಿಯೇ ಕಟ್ಟಿಕೊಂಡು ಹೊರಡಬೇಕಾದುದರಿಂದ, ದೂರದ ಊರಿನವರು ದೊಡ್ಡ ಚೌಕಟ್ಟಿನ ಕೃತಿಗಳಿಗಿಂತ ಸುರುಳಿ ಸುತ್ತಬಹುದಾದ ಚಿಕ್ಕ ಕೃತಿಗಳನ್ನೇ ತರುವುದು ಹೆಚ್ಚು.